ಆಯ್ತು ಸಾರ್

ದಟ್ಟ ಮಂಜಿನಲ್ಲಿ ಆಗಷ್ಟೇ ಇಳಿದ ವಿಮಾನದ ಪೈಲಟ್ ಕನ್ನಡದವನೆಂದು ತಿಳಿದದ್ದೇ ತಡ, ಕಂಟ್ರೋಲ್ ಟವರಿನ ಪದ್ಮರಾಜರಿಗೆ ಇಂಗ್ಲಿಷೂ ಮರೆತುಹೋಯಿತು, ನಿಯಮವೂ ಮರೆತುಹೋಯಿತು.

"ಬೇಗ ರನ್‌ವೇ ಖಾಲಿ ಮಾಡಪ್ಪಾ, ಹಿಂದೇನೇ ಇನ್ನೊಂದು ಬರ್ತಾ ಇದೆ," ಎಂದರು ಮೈಕಿನಲ್ಲಿ.

"ಆಯ್ತು ಸಾರ್."

ಖಾಲಿ ಆಯ್ತಲ್ಲ ಎಂದುಕೊಂಡು ಅವರು ಹಿಂದಿನ ವಿಮಾನಕ್ಕೆ ಇಳಿಯಲು ಅಪ್ಪಣೆ ಕೊಟ್ಟೇಬಿಟ್ಟರು. ಅದು ರನ್‌ವೇ ಮೇಲೇ ಇದ್ದ ಮೊದಲನೆಯದರ ನೆತ್ತಿ ಸವರಿಕೊಂಡು ಮತ್ತೆ ಮೇಲಕ್ಕೆ ಹಾರಿ ಜೀವ ಉಳಿಸಿಕೊಂಡಿತು.

ವಿಚಾರಣೆಗೆ ಬಂದ ಸಾಹೇಬರು ಕೆಂಡಾಮಂಡಲವಾದರು. "ಆಯ್ತು ಅಂದ್ರೆ ಮಾಡ್ತೀನಿ ಅಂತ ಕಣ್ರೀ, ಮಾಡಿ ಮುಗಿಸ್ದೆ ಅಂತಲ್ಲ! ಕನ್ನಡ ಬರಲ್ವೇನ್ರೀ ನಿಮ್ಗೆ? ತಪ್ಪೊಪ್ಪಿಗೆ ಬರ್ಕೊಡಿ."

"ಆಯ್ತು ಸಾರ್," ಎಂದರು ಪದ್ಮರಾಜರು ತಲೆ ತಗ್ಗಿಸಿ.

ಸಾಹೇಬರು ತಕ್ಷಣ ಕೈ ಚಾಚಿದರು. "ಎಲ್ಲಿ, ಕೊಡಿ."