ಹಿಂಡುವ ಹೊತ್ತಿನ ಪ್ರಶ್ನೆಗಳು

ಕರು ಬಿಟ್ಟದ್ದಾಯಿತು, ಎಳೆದು ಕಟ್ಟಿದ್ದಾಯಿತು, ಮುಂದೆ ಹತ್ತಿಕಾಳು ಸುರಿದದ್ದೂ ಆಯಿತು. ಎಮ್ಮೆ ಒಂದು ಹನಿ ಹಾಲು ಬಿಡಲಿಲ್ಲ. ಅದನ್ನು ಕೊಳ್ಳಲೆಂದು ಆಡೂರಿನಿಂದ ಹತ್ತಿಮತ್ತೂರಿಗೆ ಬಂದಿದ್ದ ಚನ್ನವೀರಪ್ಪ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೆಮ್ಮಿದ. ಅವನ ಹೆಂಡತಿ ಸರೋಜವ್ವ ಖಾಲಿ ಬಕೆಟ್ಟನ್ನೇ ನೋಡುತ್ತಿದ್ದಳು. ಎಮ್ಮೆಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಿದ್ದ ಅನ್ನವ್ವ ಮಾತ್ರ ತಲೆ ಎತ್ತಲಿಲ್ಲ. ಕರುವಾಗಿದ್ದಾಗ ತವರಿನಿಂದ ತನ್ನ ಹಿಂದೆ ನಡೆದು ಬಂದ ಎಮ್ಮೆ ಇದು. ಇದೂ ಹೋದರೆ ಈ ಮನೆಯಲ್ಲಿ ತನ್ನದು ಅನ್ನುವಂಥದ್ದು ಏನೂ ಉಳಿಯುವುದಿಲ್ಲ ಎಂದು ಅವಳಿಗೆ ಸಂಕಟವಾಗುತ್ತಿತ್ತು.

ಅವಳ ಗಂಡ ಕನಕಪ್ಪ ಬೇರೆ ದಾರಿ ಕಾಣದೆ ಜಂತಿಯ ಸಂದಿಯಿಂದ ಎರಡು ಹಾಳೆ ಎಳೆದು ತೆಗೆದ. ಗಂಟಲು ಸರಿಮಾಡಿಕೊಂಡು ಓದಿದ.

"ನಿಮ್ಮ ಹೆಸರು?"

"ಅನ್ನವ್ವ," ಎಂದಳು ಹೆಂಡತಿ.

"ನಿಮ್ಮ ಊರು?"

"ಹತ್ತಿಮತ್ತೂರ."

ಬಕೆಟ್ಟಿನ ತಳಕ್ಕೆ ಚುಂಯ್ ಎಂದು ಹಾಲು ಬಿತ್ತು.

"ಏನ್ರಿ ಇದು, ಎಮ್ಮಿ ಹಿಂಡಾಕತ್ತೀರೋ, ಜನಗಣತಿ ಮಾಡಾಕತ್ತೀರೋ?" ಎಂದ ಚನ್ನವೀರಪ್ಪ.

ಕನಕಪ್ಪ ನಾಚಿಕೆ ಬಿಟ್ಟು ಹೇಳಲೇಬೇಕಾಯಿತು. ವಿಶ್ವವಿದ್ಯಾಲಯದಿಂದ ಮಧುಶ್ರೀ ಎಂಬ ಹುಡುಗಿ ರೈತ ಹೆಣ್ಣುಮಕ್ಕಳ ದುಡಿಮೆಯ ಬಗ್ಗೆ ಸಂಶೋಧನೆ ಮಾಡಲು ಬಂದಿದ್ದಳು. ಅನ್ನವ್ವ ಒಂದು ಕಡೆ ಕುಳಿತು ಸಿಗುವುದು ಹಿಂಡುವಾಗ ಮಾತ್ರ. ಹಾಗಾಗಿ ಹುಡುಗಿ ಮಳೆಗಾಲವೆಲ್ಲ ಇದೇ ಕೊಟ್ಟಿಗೆಗೆ ಬಂದು ದಿನಾ ಅವೇ ಪ್ರಶ್ನೆಗಳನ್ನು ಕೇಳಿದಳು. ನಿನ್ನೆ ಅನ್ನವ್ವನಾಗಿದ್ದವಳು ಇವತ್ತೂ ಅನ್ನವ್ವನೇ ಹೌದೋ ಅಲ್ಲವೋ ಎಂದು ವಿಶ್ವವಿದ್ಯಾಲಯಕ್ಕೆ ಖಾತ್ರಿ ಬೇಕಿತ್ತೇನೋ. ಅಧ್ಯಯನ ಮುಗಿಯಿತು, ಪ್ರಶ್ನೆಯ ಹಾಳೆಗಳನ್ನು ಇಲ್ಲೇ ಬಿಟ್ಟು ಹುಡುಗಿ ಹೋದಳು. ಆದರೆ ಎಮ್ಮೆಯ ಪಾಲಿಗೆ ಅಧ್ಯಯನ ಮುಗಿದಿರಲಿಲ್ಲ. ಮೊಬೈಲಿನಲ್ಲಿ ಹಾಡು ಹಚ್ಚಿ ನೋಡಿದರು, ಜಗ್ಗಲಿಲ್ಲ. ಕನಕಪ್ಪ ತನ್ನ ರೂಢಿಯಂತೆ "ನಿನ್ನ ಹೆಸರೇನ?" ಎಂದದ್ದಕ್ಕೆ ಬಕೆಟ್ಟನ್ನೇ ಒದ್ದಿತು. ಹಾಳೆಯಲ್ಲಿ ಅಚ್ಚಾದಂತೆ ಹೆಂಡತಿಗೆ "ನೀವು" ಎನ್ನಬೇಕು, ಅವಳು ಉತ್ತರವನ್ನೂ ಕೊಡಬೇಕು. ಆಗಲೇ ಹಾಲು.

ಕನಕಪ್ಪ ಇಷ್ಟು ದಿನ ಮೊದಲ ಹಾಳೆ ಓದಿ ನಿಲ್ಲಿಸುತ್ತಿದ್ದ. ಎಮ್ಮೆಯೂ ಅರ್ಧ ಹಾಲು ಕೊಟ್ಟು ನಿಲ್ಲಿಸುತ್ತಿತ್ತು. ಎರಡನೆಯ ಹಾಳೆಯ ಮೇಲೆ ಒಮ್ಮೆ ಕಣ್ಣಾಡಿಸಿದ್ದ, ಅಷ್ಟಕ್ಕೇ ಅದನ್ನು ಮಡಚಿಟ್ಟು ಎಮ್ಮೆಯನ್ನೇ ಮಾರುವುದು ವಾಸಿ ಎಂದುಕೊಂಡಿದ್ದ.

"ಇಷ್ಟ ಏನ್ರಿ?" ಚನ್ನವೀರಪ್ಪ ಬಕೆಟ್ಟಿಗೆ ಬಗ್ಗಿದ. "ಪೂರಾ ಹಿಂಡಿ ತೋರಸ್ರಿ. ಅರ್ಧಾ ಹಾಲಿನ ಎಮ್ಮಿ ತಗೊಂಡು ನಾ ಏನ್ ಮಾಡ್ಲಿ?"

ಕನಕಪ್ಪ ಹಾಳೆ ತಿರುಗಿಸಿದ. ಅವನ ದನಿ ಸಣ್ಣದಾಯಿತು.

"ಮನೆಯಲ್ಲಿ ಎಲ್ಲರಿಗಿಂತ ಕಡೆಗೆ ಊಟ ಮಾಡುವವರು ಯಾರು?"

"ನಾನ. ಅದೂ ಉಳಿದಿದ್ರ."

"ದಿನದಲ್ಲಿ ನೀವು ವಿಶ್ರಾಂತಿ ಪಡೆಯುವ ಸಮಯ?"

"ಈಗ ಕುಂತೇನಲ್ರಿ, ಇದ."

ಹಾಲು ಧಾರೆ ಕಟ್ಟಿ ಬೀಳತೊಡಗಿತು. ಬಕೆಟ್ಟಿನಲ್ಲಿ ನೊರೆ ಏರಿತು. ಕನಕಪ್ಪ ಮುಂದಿನ ಸಾಲಿಗೆ ಬಂದು ತಡವರಿಸಿದ, ಎಮ್ಮೆ ಧಾರೆ ನಿಲ್ಲಿಸಿತು. ಅವನು ಓದಿದ.

"ದನಕರು ಮಾರುವ ಮುನ್ನ ನಿಮ್ಮನ್ನು ಕೇಳುತ್ತಾರೆಯೇ?"

ಅನ್ನವ್ವನ ಕೈ ಮೊಲೆಯ ಮೇಲೇ ನಿಂತಿತು. ಎಮ್ಮೆ ಮೆಲುಕು ನಿಲ್ಲಿಸಿ ಕಿವಿ ಹಿಂದಕ್ಕೆ ಮಾಡಿತು.

"ಆ ಹುಡುಗಿ ಮುಂದ ದಿನಾ 'ಕೇಳ್ತಾರ' ಅಂತ ಹೇಳ್ತಿದ್ದೆ," ಅನ್ನವ್ವ ಎಮ್ಮೆಯ ಹೊಟ್ಟೆಗೆ ಹಣೆ ಒತ್ತಿ ಹೇಳಿದಳು. "ಮನಿ ಮರ್ಯಾದಿ ನೋಡ್ರಿ. ಕೇಳಂಗಿಲ್ಲ. ಇವತ್ತ ಇದನ್ನ ಮಾರಾಕತ್ತಾರ ಅನ್ನೂದು, ಇವರು ಬಂದು ಅಂಗಳದಾಗ ಚಪ್ಪಲಿ ಬಿಟ್ಟ ಮ್ಯಾಲ ಗೊತ್ತಾತ್ರಿ ನನಗ."

ಹಾಲು ಭೋರೆಂದು ಸುರಿಯಿತು. ಅಷ್ಟು ಹಾಲನ್ನು ಆ ಎಮ್ಮೆ ಮಧುಶ್ರೀಯ ಕಾಲದಲ್ಲೂ ಕೊಟ್ಟಿರಲಿಲ್ಲ.

ಚನ್ನವೀರಪ್ಪನಿಗೆ ಖುಷಿಯೋ ಖುಷಿ. "ಎಮ್ಮಿ ಭಾರಿ ಐತಿ ಬಿಡ್ರಿ. ತಗೋತೇನಿ. ಆ ಹಾಳಿನೂ ಸೇರಿಸಿ ಕೊಡ್ರಿ."

"ಹಿಂಡಾಕಿ ನಾನು," ಎಂದಳು ಸರೋಜವ್ವ. ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. "ಕೇಳಾವ್ರು ನೀವ ಆಗಬೇಕಾಗತೈತಿ. ದಿನಾ."

"ಕೇಳಿದ್ರಾತು. ಓದೂದೇನ ದೊಡ್ಡದು?"

"ಕೇಳ್ರಿ. ಉತ್ತರಾ ನನ್ನ ಕಡೆ ಅದಾವು."

ಚನ್ನವೀರಪ್ಪ ಹೆಂಡತಿಯ ಮುಖ ನೋಡಿದ. ಕನಕಪ್ಪನ ಕೈಯಿಂದ ಎರಡನೆಯ ಹಾಳೆ ಇಸಿದುಕೊಂಡು ತುಟಿಯಲ್ಲೇ ಓದಿದ. ಓದುತ್ತಾ ಓದುತ್ತಾ ಅವನ ಖುಷಿ ಇಳಿಯಿತು. ಹಾಳೆಯನ್ನು ವಾಪಸು ಕೊಟ್ಟು, ಅಂಗಳಕ್ಕಿಳಿದು ಚಪ್ಪಲಿ ಮೆಟ್ಟಿದ.

"ಎಮ್ಮಿ ಬ್ಯಾಡ್ರಿ," ಎಂದ.

"ಯಾಕ್ರಿ? ಈಗರ ತಗೋತೇನಿ ಅಂದ್ರಿ," ಕನಕಪ್ಪ ಅವನ ಹಿಂದೆಯೇ ಬಂದ.

"ನಮ್ಮ ಮನಿಯಾಗ ಮಾತು ಕಡಿಮಿ."

ಅವನು ತಿರುಗಿ ನೋಡದೆ ಹೊರಟುಬಿಟ್ಟ. ಸರೋಜವ್ವ ಒಂದು ಗಳಿಗೆ ನಿಂತು, ಎಮ್ಮೆಯ ಹಣೆ ಸವರಿ, ನಿಧಾನಕ್ಕೆ ಅವನ ಹಿಂದೆ ಹೋದಳು. ಕನಕಪ್ಪ ಹಾಳೆಯನ್ನು ಮತ್ತೆ ಜಂತಿಗೆ ಸಿಕ್ಕಿಸಲು ಕೈ ಎತ್ತಿದ.

"ಇನ್ನೊಂದು ಮೊಲಿ ಉಳದೈತ್ರಿ," ಎಂದಳು ಅನ್ನವ್ವ, ಬಕೆಟ್ಟನ್ನು ಮೊಣಕಾಲ ನಡುವೆ ಸರಿಮಾಡಿಕೊಳ್ಳುತ್ತಾ. "ಮುಂದಿನದು ಕೇಳ್ರಿ."