ನೂರಾ ಹನ್ನೊಂದನೇ ಗಿಡ

“ಹೋಯ್ತಮ್ಮ, ನೂರಾ ಹನ್ನೊಂದು ಹೋಯ್ತು!” ಎಂದು ಭಾವ ಮರದ ಬುಡದಲ್ಲಿ ಕುಸಿದು ಕೂತಾಗ ಅವರ ತಮ್ಮನ ಹೆಂಡತಿ ಹತ್ತಿರಕ್ಕೆ ಓಡಿದಳು. ಅವರ ಅಂಗೈಯಲ್ಲಿದ್ದ ಗೆಡ್ಡೆ ಕೊಳೆತು ಲೋಳೆಯಾಗಿತ್ತು.

ಮನೆತನದ ಜಮೀನಿನ ಹಿಂಬದಿಯ ಮರಗಳ ನೆರಳಲ್ಲಿ ಭಾವ ಕಾಡು ಕಾಡು ಅಲೆದು ತಂದ ನಾನೂರು ಗಿಡಗಳಿದ್ದವು. ಒಂದೊಂದಕ್ಕೂ ತಗಡಿನ ನಂಬರು. ನೂರಾ ಹನ್ನೊಂದೆಂದರೆ ಅವರಿಗೆ ಪ್ರಾಣ. ಎಲೆಯ ನರವೆಲ್ಲ ಬೆಳ್ಳಗಿದ್ದ ಕಾಡುಗೆಡ್ಡೆ. ಅದು ಸಿಕ್ಕ ಕಾಡು ಈಗ ಕಲ್ಲುಗಣಿ. ಗೆಡ್ಡೆ ಎಷ್ಟು ದಪ್ಪವಾಯಿತೆಂದು ತಿಂಗಳಿಗೊಮ್ಮೆ ಬಗೆದು, ಅಳೆದು, ಬರೆದುಕೊಂಡು ಮತ್ತೆ ಹೂಳುವುದು ಅವರ ಚಾಳಿ. ಅತಿ ಮುದ್ದಿಗೆ ಮಕ್ಕಳೇ ಕೆಡುತ್ತವೆ, ಗೆಡ್ಡೆ ಯಾವ ಲೆಕ್ಕ!

“ಕೇಳಿದೋರಿಗೆ ಒಂದು ತುಂಡು ಕೊಟ್ಟಿದ್ರೆ ಎಲ್ಲಾದ್ರೂ ಬದುಕಿರ್ತಿತ್ತು. ನಾನೇ ಕೊಂದೆ,” ಎನ್ನುತ್ತ ಭಾವ ಅತ್ತೇಬಿಟ್ಟರು.

ಅವಳು ಹಿಂದೆಮುಂದೆ ನೋಡಿದಳು. ಕೇಳದೆ ಒಂದು ಕಡ್ಡಿ ಮುರಿದ ಪ್ರಾಣಸ್ನೇಹಿತನನ್ನೇ ಮತ್ತೆ ಹೊಸ್ತಿಲು ತುಳಿಯಲು ಬಿಡದ ಮನುಷ್ಯ ಇವರು. ಹೇಳಿದರೆ ಅಣ್ಣತಮ್ಮಂದಿರ ಎರಡು ಮನೆಗಳ ನಡುವೆ ಮಾತೇ ನಿಂತೀತು. ಆದರೆ ಆ ಕಣ್ಣೀರು ನೋಡಲಾಗಲಿಲ್ಲ.

“ಭಾವ, ನಮ್ಮನೆ ಹಿಂದಕ್ಕೆ ಬನ್ನಿ. ಬೈಯೋದಿದ್ರೆ ಆಮೇಲೆ ಬೈರಿ.”

ಬಚ್ಚಲು ನೀರು ಹೋಗುವ ಜಾಗದಲ್ಲಿ, ಒಡಕು ಬಕೆಟ್ಟಿನ ತುಂಬ ಬಿಳಿ ನರದ ಎಲೆಗಳು ನಳನಳಿಸುತ್ತಿದ್ದವು.

“ಮೂರು ವರ್ಷದ ಹಿಂದೆ, ನೀವು ಅಳೀತಿದ್ದಾಗ ಒಂದು ಚೂರು ಮುರಿದು ಬಿತ್ತು. ಮುಷ್ಟೀಲಿ ಮುಚ್ಕೊಂಡು ತಂದೆ. ಕೇಳಿದ್ರೆ ನೀವೆಲ್ಲಿ ಕೊಡ್ತಿದ್ರಿ?”

ಭಾವ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. “ಏನು ಹಾಕ್ತೀಯ ಇದಕ್ಕೆ?” ಎಂದರು.

“ಏನೂ ಇಲ್ಲ. ಮರೆತೇಬಿಟ್ಟಿರ್ತೀನಿ.”

ಅವರ ಬೆರಳು ಅಭ್ಯಾಸಬಲದಿಂದ ಮಣ್ಣಿನ ತನಕ ಹೋಯಿತು. ಬಗೆಯದೆ ಹಿಂದಕ್ಕೆ ಬಂತು. “ನನ್ನ ಜೀವ ಉಳಿಸಿದೆ ಕಣಮ್ಮ. ನಿನ್ನ ಋಣ ಹೇಗೆ ತೀರಿಸಲಿ?” ಎಂದರು. ಬೈಗುಳಕ್ಕೆ ಸಿದ್ಧಳಾಗಿದ್ದ ಅವಳ ಕಣ್ಣು ತುಂಬಿ ಬಂತು.

ಭಾವ ಸರಸರನೆ ತೋಟಕ್ಕೆ ಹೋದರು. ತಾವಲ್ಲದೆ ಇನ್ಯಾರೂ ಮುಟ್ಟಿರದ ಕತ್ತರಿಯನ್ನು ತಂದು ಅವಳ ಕೈಗಿಟ್ಟರು.

“ಬಾ, ಬೆಳಕಿರೋವಾಗ್ಲೇ ಮಿಕ್ಕ ಗಿಡಗಳದ್ದೂ ಒಂದೊಂದು ಚೂರು ಕದ್ದುಬಿಡು.”