ಸರಿತೂಕದ ಜೋಡಿ

ಶಮಾ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರುತ್ತಿದ್ದಳು. ಅಷ್ಟರಲ್ಲಿ ಮಗಳು ಸುಲ್ತಾನಾ ಓಡಿಬಂದು ಬಾಗಿಲಲ್ಲೇ ನಿಂತಳು.

"ಅಮ್ಮೀ, ಬಂದೇನವಾಜ ಕಾಕಾ ತೊಟ್ಟಿಲ ಮ್ಯಾಲಿನ ತಾಡಪತ್ರಿ ತಗದಾರ."

ಹಂಚಿನ ಮೇಲಿದ್ದ ರೊಟ್ಟಿಯನ್ನು ಮಾತ್ರ ಬೇಯಿಸಿ ತೆಗೆದು ಶಮಾ ಒಲೆ ಆರಿಸಿದಳು. ಉಳಿದ ಹಿಟ್ಟಿನ ಮೇಲೆ ಬುಟ್ಟಿ ಕವುಚಿದಳು.

ಅದು ಜಾತ್ರೆಯಲ್ಲಿರುವಂಥ, ನಾಲ್ಕು ಪೆಟ್ಟಿಗೆಗಳು ಮೇಲೆ ಕೆಳಗೆ ಸುತ್ತುವ, ಕೈಯಿಂದಲೇ ತಿರುಗಿಸುವ ಮರದ ತೊಟ್ಟಿಲು. ಇಳಕಲ್ಲಿನ ಆ ಓಣಿಯ ಹಿಂದಿನ ಬಯಲಲ್ಲಿ ಬಂದೇನವಾಜನ ಅಪ್ಪನ ಕಾಲದಿಂದ ನಿಂತಿತ್ತು. ಹೋದ ವರ್ಷ ನಡುವಿನ ಅಚ್ಚು ಸೀಳಿತು. ಅಂದಿನಿಂದ ಅವನು ಕೆಲಸವಿಲ್ಲದ ದಿನ ನೋಡಿಕೊಂಡು ಜಾಲಿಯ ಹೊಸ ಅಚ್ಚು ಕೆತ್ತಿ ಕೂಡಿಸಿದ್ದ, ಪೆಟ್ಟಿಗೆಗಳಿಗೆ ಹೊಸ ಹಲಗೆ ಬಡಿದು ಹಳದಿ ಬಣ್ಣ ಹಚ್ಚಿದ್ದ. ಬಣ್ಣ ಒಣಗಲಿ ಎಂದು ಅವನು ಹೇಳಿದಷ್ಟೂ ಓಣಿಯ ಮಂದಿಗೆ ಅವಸರ. ಮಕ್ಕಳು ಶಾಲೆಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ತಾಡಪತ್ರಿ ಎತ್ತಿ ನೋಡುತ್ತಿದ್ದರು. ಮಗ್ಗದ ಹೆಂಗಸರೂ ನೀರಿಗೆ ಹೋದವರು ಆ ದಾರಿಯಿಂದಲೇ ಬರುತ್ತಿದ್ದರು. ಸುಲ್ತಾನಾಳಿಗಂತೂ ನಿದ್ದೆಯಲ್ಲೂ ಅದರದೇ ಮಾತು.

ಅದಕ್ಕೇ ಶಮಾ ಮಗಳಿಗೆ ಇನ್ನೂ ನಿಜ ಸಂಗತಿ ಹೇಳಿರಲಿಲ್ಲ. ಕೆಲವು ತಿಂಗಳಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಊರಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಬಾಗಲಕೋಟೆಯ ದೊಡ್ಡ ದವಾಖಾನೆಗೆ ಹೋಗಿರಿ, ತಡ ಮಾಡಬೇಡಿ ಎಂದಿದ್ದರು. ನಾಳೆ ತಮ್ಮ ಅಯೂಬನ ಜೊತೆ ಹೊರಡಬೇಕು. ಎಷ್ಟು ದಿನ ಇರಬೇಕಾಗುತ್ತದೋ ತಿಳಿಯದು. ಮಗಳಿಗೆ ಮಾತ್ರ, ಹುನಗುಂದದಲ್ಲಿ ನೆಂಟರ ಮದುವೆಗೆ ಹೋಗುತ್ತೇನೆ ಎಂದು ಹೇಳಿದ್ದಳು. ಕೂಸು ಇದೊಂದು ದಿನ ನಕ್ಕು ಆಡಲಿ, ಆಮೇಲೆ ಕೂಡಿಸಿಕೊಂಡು ಹೇಳಿದರಾಯಿತು ಎಂಬುದು ಅವಳ ಲೆಕ್ಕ. ಗಂಡ ಮತ್ತು ತಮ್ಮನನ್ನು ಬಿಟ್ಟರೆ ವಿಷಯ ಗೊತ್ತಿದ್ದದ್ದು ಪಕ್ಕದ ಮನೆಯ ಮಾದೇವಿಗೆ. ಬೇರೆ ಯಾರಿಗೂ ಸಂಶಯ ಬಂದಿರಲಿಲ್ಲ. ಬುರಖಾ ಹಾಕಿಕೊಂಡು ಹೊರಬಿದ್ದರೆ ಒಳಗಿನ ಮೈ ಯಾರಿಗೆ ಕಾಣುತ್ತದೆ?

ಬಯಲಲ್ಲಿ ಆಗಲೇ ಮಂದಿ ಸೇರಿತ್ತು. ಬಂದೇನವಾಜನ ತೊಟ್ಟಿಲಲ್ಲಿ ಯಾರೂ ತಮಗೆ ಬೇಕಾದಲ್ಲಿ ಕೂಡುವಂತಿಲ್ಲ. ಎದುರುಬದುರಿನ ಪೆಟ್ಟಿಗೆಗಳಲ್ಲಿ ಭಾರ ಸಮ ಇರಬೇಕು, ಇಲ್ಲದಿದ್ದರೆ ತಿರುಗಿಸುವವನ ರಟ್ಟೆ ಬೀಳುತ್ತದೆ. ಹಾಗಾಗಿ ಓಣಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಜೋಡಿ ಗೊತ್ತಾಗಿಬಿಟ್ಟಿತ್ತು. ಕೂತ ಮೇಲೆ ಅವನು ಎರಡೂ ಪೆಟ್ಟಿಗೆಗಳನ್ನು ಒಂದೇ ಮಟ್ಟಕ್ಕೆ ತಂದು ಕೈಬಿಟ್ಟು ನೋಡುತ್ತಿದ್ದ. ಅಲುಗಾಡದಿದ್ದರೆ ಜೋಡಿ ಸರಿ.

ಒಂದು ವರ್ಷದಲ್ಲಿ ಯಾರು ಎಷ್ಟು ಊದಿಕೊಂಡಿದ್ದಾರೆ ಎಂಬ ಚರ್ಚೆ ನಡೆದಿತ್ತು. ಮುದುಕಿ ತಾಯವ್ವ ತನ್ನ ಜೋಡಿ ಲಾಡಬಿಯನ್ನು ಅಡಿಯಿಂದ ಮುಡಿಯತನಕ ನೋಡಿ, "ನೀ ಈಗ ತುಂಬಿದ ಜ್ವಾಳದ ಚೀಲ ಆಗೀದಿ. ನನ್ನ ಕಡೆ ಕಲ್ಲ ಹೇರಬೇಕಾಕ್ಕೈತಿ" ಎಂದಳು. ಲಾಡಬಿ, ಕಲ್ಲು ಯಾಕೆ, ನಿನ್ನ ಸೊಸೆಯನ್ನೇ ಪಕ್ಕಕ್ಕೆ ಕೂಡಿಸಿಕೋ ಎಂದಳು.

ಹೊಸ ಅಚ್ಚಿನ ಪರೀಕ್ಷೆಗೆ ಬಂದೇನವಾಜ ಮೊದಲು ಕರೆದದ್ದು ಶಮಾ ಮತ್ತು ಮಾದೇವಿಯನ್ನು. ಒಂದು ಕಡೆ ಶಮಾ, ಸುಲ್ತಾನಾ. ಎದುರಿಗೆ ಮಾದೇವಿ, ಅವಳ ಮಗ ರಾಹುಲ. ಈ ಜೋಡಿಗೆ ಎಂದೂ ಒಂದು ಹರಳು ಕೂಡಿಸಬೇಕಾಗಿರಲಿಲ್ಲ. ನೀನು ಕೂಡಬೇಡ ಎಂದು ಮಾದೇವಿ ಕಣ್ಣಲ್ಲೇ ಹೇಳಿದಳು. ಆದರೆ ಸುಲ್ತಾನಾ ಆಗಲೇ ಅಮ್ಮನ ಕೈ ಹಿಡಿದು ಪೆಟ್ಟಿಗೆಯೊಳಗೆ ಎಳೆದಿದ್ದಳು.

"ಈ ಸಲ ನಾವ ಕೆಳಗ ಬರ್ತೇವಿ ನೋಡಲೇ," ಎಂದು ರಾಹುಲನಿಗೆ ಕೂಗಿ ಹೇಳಿದಳು. ತೆಳ್ಳಗಿನ ರಾಹುಲ ನಾಲಿಗೆ ತೋರಿಸಿದ.

ಬಂದೇನವಾಜ ಪೆಟ್ಟಿಗೆಗಳನ್ನು ಸಮಮಟ್ಟಕ್ಕೆ ತಂದು ಕೈಬಿಟ್ಟ.

ಒಂದು ಕ್ಷಣ ತೊಟ್ಟಿಲು ಹಾಗೇ ನಿಂತಿತ್ತು. ಆಮೇಲೆ ಶಮಾಳ ಪೆಟ್ಟಿಗೆ ಯಾರೂ ಎತ್ತದೆ ಮೆಲ್ಲಗೆ ಮೇಲೇರಿತು. ಮಾದೇವಿಯದು ನೆಲಕ್ಕೆ ಬಂತು.

ಮಂದಿಯೆಲ್ಲ ನಕ್ಕರು. ವರ್ಷವೆಲ್ಲ ಏನು ತಿಂದೆ ಎಂದು ಮಾದೇವಿಯನ್ನು ಕಾಡಿದರು. ಬಂದೇನವಾಜ ಮಾತ್ರ ನಗಲಿಲ್ಲ. ಅಚ್ಚು ಓರೆ ಕೂತಿರಬೇಕು, ಎಲ್ಲ ಬಿಚ್ಚಬೇಕು ಎಂದು ಬಗ್ಗಿ ನೋಡತೊಡಗಿದ.

"ಅಚ್ಚ ಸರಿ ಐತ್ರಿ ಕಾಕಾ," ಎಂದಳು ಮಾದೇವಿ ಗಡಬಡಿಸಿ. "ನಾನ ಉಬ್ಬೇನಿ. ತವರಮನ್ಯಾಗ ಕುಂತ ಹೋಳಿಗಿ ತುಪ್ಪ ಹೊಡದ ಬಂದೇನಿ. ಅವರ ಕಡೆ ಒಂದ ಕಲ್ಲ ಇಡ್ರಿ, ಮುಗೀತು." ಹೇಳಿ ಎಲ್ಲರಿಗಿಂತ ಜೋರಾಗಿ ತಾನೇ ನಕ್ಕಳು.

ಬಂದೇನವಾಜ ಕಲ್ಲು ಹುಡುಕಲು ಹೋದ. ಮೇಲೆ ಪೆಟ್ಟಿಗೆ ಗಾಳಿಗೆ ಸಣ್ಣಗೆ ತೂಗುತ್ತಿತ್ತು. ಶಮಾ ಬಗ್ಗಿ ಅಗೋ ನಮ್ಮ ಮನೆ, ಅಗೋ ನಿನ್ನ ಶಾಲೆ ಎಂದು ತೋರಿಸಿದಳು. ಸುಲ್ತಾನಾ ಆ ಕಡೆ ತಿರುಗಲಿಲ್ಲ. ಕೆಳಗಿದ್ದ ರಾಹುಲನನ್ನು ನೋಡಿದಳು, ತನ್ನ ಕಾಲುಗಳನ್ನು ನೋಡಿಕೊಂಡಳು. ಆಮೇಲೆ ಅಮ್ಮನ ಬುರಖಾದ ತೋಳನ್ನು ಮೇಲೆ ಸರಿಸಿ, ಮಣಿಕಟ್ಟನ್ನು ತನ್ನ ಪುಟ್ಟ ಬೆರಳುಗಳಿಂದ ಸುತ್ತುಹಾಕಿ ಹಿಡಿದಳು. ಬೆರಳ ತುದಿಗಳು ಒಂದಕ್ಕೊಂದು ತಾಗಿದವು.

"ರಾಹುಲಗಿಂತ ನಾನ ಭಾರ ಅದೇನಿ ಅಮ್ಮೀ," ಎಂದಳು. "ಮತ್ತ ನೀ ಯಾಕ ಇಷ್ಟ ಹಗುರ ಆಗೀದಿ?"